ಗಾಳಿಯೂ ಆಡುವ ಮೈದಾನ: ಆರ್ಬ್ರೋತ್‌ಗೆ ಫುಟ್‌ಬಾಲ್ ನೋಡಲು ಹೋಗುವವರಿಗೆ

ಸ್ಕಾಟ್ಲೆಂಡಿಗೆ ಹೋದಾಗ ಒಂದು ಫುಟ್‌ಬಾಲ್ ಪಂದ್ಯ ನೋಡೋಣ ಅಂದುಕೊಂಡವರು ಮೊದಲು ಹುಡುಕುವುದು ಗ್ಲಾಸ್ಗೋದ ಸೆಲ್ಟಿಕ್ ಅಥವಾ ರೇಂಜರ್ಸ್ ಟಿಕೆಟ್. ಅದು ಸುಲಭಕ್ಕೆ ಸಿಗುವುದಿಲ್ಲ. ನನ್ನನ್ನು ಕೇಳಿದರೆ ಆ ಶನಿವಾರವನ್ನು ಆರ್ಬ್ರೋತ್‌ಗೆ ಮೀಸಲಿಡಿ. ಡಂಡೀ ನಗರದ ಆಚೆ, ಉತ್ತರ ಸಮುದ್ರದ ದಂಡೆಯಲ್ಲಿರುವ ಪುಟ್ಟ ಬಂದರು ಊರು ಅದು. ಅಲ್ಲಿನ ಗೇಫೀಲ್ಡ್ ಪಾರ್ಕ್ ಯುರೋಪಿನಲ್ಲೇ ಸಮುದ್ರಕ್ಕೆ ಅತಿ ಹತ್ತಿರದ ಫುಟ್‌ಬಾಲ್ ಮೈದಾನವೆಂದು ಹೆಸರಾಗಿದೆ. ಮೈದಾನದ ಗೋಡೆ ದಾಟಿದರೆ ಕಡಲು. ಬಿರುಗಾಳಿ ಬೀಸಿದಾಗ ಅಲೆಗಳ ಹನಿ ಗೋಡೆ ಹಾರಿ ಒಳಗೆ ಬಂದು ಬೀಳುತ್ತದೆ.

ಮೊದಲು ಪಂದ್ಯದ ದಿನ ಗೊತ್ತುಮಾಡಿಕೊಳ್ಳಿ, ಆಮೇಲೆ ಹೋಟೆಲು. ಸೀಸನ್ ಆಗಸ್ಟ್‌ನಲ್ಲಿ ಶುರುವಾಗಿ ಮೇ ತಿಂಗಳಿಗೆ ಮುಗಿಯುತ್ತದೆ. ಬೇಸಿಗೆ ರಜೆಯಲ್ಲಿ, ಅಂದರೆ ಜೂನ್‌ನಲ್ಲಿ ಹೋದರೆ ಬೀಗ ಹಾಕಿದ ಗೇಟು ನೋಡಿ ಬರಬೇಕಾದೀತು. ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ 3ಕ್ಕೆ ಆಟ. ಟಿವಿಗಾಗಿ ಕೆಲವು ಪಂದ್ಯಗಳನ್ನು ಶುಕ್ರವಾರ ರಾತ್ರಿಗೆ ಬದಲಿಸುವುದುಂಟು. ಹಾಗಾಗಿ ಹೊರಡುವ ವಾರದಲ್ಲಿ ಆರ್ಬ್ರೋತ್ ಕ್ಲಬ್ಬಿನ ವೆಬ್‌ಸೈಟನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಎಡಿನ್‌ಬರೋದಿಂದ ರೈಲಿನಲ್ಲಿ ಒಂದೂವರೆ ಗಂಟೆ ಆಸುಪಾಸು, ಡಂಡೀಯಿಂದಾದರೆ ಇಪ್ಪತ್ತು ನಿಮಿಷ. ಎಡಿನ್‌ಬರೋದಿಂದ ಬರುವವರು ರೈಲು ಹೋಗುವ ದಿಕ್ಕಿಗೆ ಬಲಗಡೆಯ ಕಿಟಕಿ ಹಿಡಿಯಿರಿ. 1890ರ ಫೋರ್ತ್ ಸೇತುವೆ, ಟೇ ಸೇತುವೆ ಎರಡನ್ನೂ ದಾಟಿ, ಡಂಡೀ ಆದಮೇಲೆ ಕಡಲು ಆ ಕಡೆಯೇ ಜೊತೆಗೆ ಬರುತ್ತದೆ. ಸ್ಟೇಷನ್ನಿನಿಂದ ಮೈದಾನಕ್ಕೆ ಹದಿನೈದು ನಿಮಿಷದ ನಡಿಗೆ. ಕ್ಲಬ್ಬಿನ ಬಣ್ಣವಾದ ಮರೂನ್ ಶಾಲು ಹೊದ್ದವರ ಹಿಂದೆ ನಡೆದರೆ ಸಾಕು, ಮ್ಯಾಪ್ ಬೇಡ.

ಬಟ್ಟೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉಣ್ಣೆಯ ಸ್ವೆಟರ್ ಎಷ್ಟು ದಪ್ಪವಿದ್ದರೂ ಮೇಲೊಂದು ಗಾಳಿ ತಡೆಯುವ ಜಾಕೆಟ್ ಇಲ್ಲದಿದ್ದರೆ ಅರ್ಧ ಪಂದ್ಯಕ್ಕೇ ಹಲ್ಲು ಕಟಕಟ ಅನ್ನುತ್ತದೆ. ಕಿವಿ ಮುಚ್ಚುವ ಟೋಪಿ ಬೇಕೇಬೇಕು. ಛತ್ರಿ ರೂಮಿನಲ್ಲೇ ಇರಲಿ, ಆ ಗಾಳಿಗೆ ಅದು ನಿಲ್ಲದು. ಡಿಸೆಂಬರ್‌ನಲ್ಲಿ ಮೂರೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ, ಉಳಿದ ಆಟವೆಲ್ಲ ದೀಪದ ಬೆಳಕಿನಲ್ಲಿ.

ಮೈದಾನದಲ್ಲಿ ಸುಮಾರು 6,600 ಜನ ಹಿಡಿಸುತ್ತಾರೆ. ಕೂತು ನೋಡಬೇಕಾದರೆ ಮುಖ್ಯ ಸ್ಟ್ಯಾಂಡ್‌ಗೆ ಟಿಕೆಟ್ ಕೊಳ್ಳಿ. ಉಳಿದ ಮೂರು ಕಡೆ ನಿಂತು ನೋಡುವ ಮೆಟ್ಟಿಲುಗಳು, ಅಲ್ಲಲ್ಲಿ ಮಾತ್ರ ಸೂರು. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಸ್ಟ್ಯಾಂಡೇ ವಾಸಿ. ಆದರೆ ಗಟ್ಟಿಯಾಗಿದ್ದವರು ನಿಲ್ಲಬೇಕಾದದ್ದು ಗೋಲಿನ ಹಿಂದೆ, ಕಬ್ಬಿಣದ ಸಲಾಕೆಗೆ ಒರಗಿಕೊಂಡು. ಆಟಗಾರರ ಕೂಗಾಟ, ರೆಫರಿಯ ಮೇಲಿನ ಬೈಗುಳ ಎಲ್ಲವೂ ಕಿವಿಗೆ ಬೀಳುವಷ್ಟು ಹತ್ತಿರ. ಎರಡೂ ತಂಡದ ಬೆಂಬಲಿಗರನ್ನು ಬೇರೆ ಬೇರೆ ಇರಿಸದ ದಿನಗಳಲ್ಲಿ ಇನ್ನೊಂದು ಸೊಗಸಿದೆ. ಮಧ್ಯಂತರದಲ್ಲಿ ಜನ ತಮ್ಮ ತಂಡ ಗೋಲು ಹೊಡೆಯಬೇಕಾದ ಕಡೆಗೆ ಮೈದಾನ ಸುತ್ತಿ ನಡೆದು ಹೋಗುತ್ತಾರೆ. ನೀವೂ ಹೋಗಿ.

ಅಲ್ಲಿ ಟಾಸ್ ಗೆದ್ದವರಿಗೆ ಗಾಳಿಯ ಲೆಕ್ಕವೇ ಮುಖ್ಯ. ನಾವು ನೋಡಿದ ಪಂದ್ಯದಲ್ಲಿ ಗೋಲ್‌ಕೀಪರ್ ಮೇಲಕ್ಕೆ ಒದ್ದ ಚೆಂಡು ಮಧ್ಯದ ಗೆರೆಯನ್ನೂ ಮುಟ್ಟದೆ ಹಿಂದಕ್ಕೇ ತಿರುಗಿತು. ಅಕ್ಕಪಕ್ಕದವರಾರೂ ಹುಬ್ಬೇರಿಸಲಿಲ್ಲ. ಗಾಳಿಗೆ ಎದುರಾಗಿ ಆಡುವ ತಂಡ ಚೆಂಡನ್ನು ನೆಲದಲ್ಲೇ ಉರುಳಿಸುತ್ತದೆ, ಗಾಳಿ ಬೆನ್ನಿಗಿದ್ದವರು ದೂರದಿಂದಲೇ ಗುರಿ ಇಡುತ್ತಾರೆ. ಇದನ್ನು ಗಮನಿಸುತ್ತಾ ನಿಂತರೆ ಫುಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲದವರಿಗೂ ಆಟ ಹಿಡಿಸುತ್ತದೆ.

ಹೋಗುವ ಮುಂಚೆ ಎರಡು ಕಥೆ ಗೊತ್ತಿದ್ದರೆ ಪಕ್ಕದವರ ಜೊತೆ ಮಾತಿಗೆ ಅನುಕೂಲ. 1878ರಲ್ಲಿ ಹುಟ್ಟಿದ ಈ ಕ್ಲಬ್ 1885ರ ಸೆಪ್ಟೆಂಬರ್ 12ರಂದು ಸ್ಕಾಟಿಷ್ ಕಪ್ಪಿನಲ್ಲಿ ಅಬರ್ಡೀನ್‌ನ ಬಾನ್ ಅಕಾರ್ಡ್ ತಂಡವನ್ನು 36-0ಯಿಂದ ಸೋಲಿಸಿತು. ಜಾಕಿ ಪೆಟ್ರಿ ಎಂಬ ಹುಡುಗನೊಬ್ಬನೇ 13 ಗೋಲು ಹೊಡೆದ. ಗೋಲಿಗೆ ಆಗಿನ್ನೂ ಬಲೆ ಇರಲಿಲ್ಲ, ಚೆಂಡು ತರಲು ಓಡಿದ್ದರಲ್ಲೇ ಎಷ್ಟು ಹೊತ್ತು ಹೋಗಿರಬೇಕು! ಅದೇ ದಿನ ಡಂಡೀ ಹಾರ್ಪ್ ಎಂಬ ತಂಡ ಇನ್ನೊಂದೆಡೆ 35-0ಯಿಂದ ಗೆದ್ದಿತ್ತು ಅನ್ನುವುದು ಇನ್ನೂ ತಮಾಷೆ. ಎರಡನೆಯದು 2021-22ರ ಸೀಸನ್. ಬೇರೆ ಕೆಲಸ ಮಾಡಿಕೊಂಡು ಸಂಜೆ ಅಭ್ಯಾಸಕ್ಕೆ ಬರುವ ಆಟಗಾರರ ಈ ತಂಡ, ಡಿಕ್ ಕ್ಯಾಂಪ್‌ಬೆಲ್ ಮ್ಯಾನೇಜರ್ ಆಗಿದ್ದಾಗ, ಪೂರ್ಣಾವಧಿ ತಂಡಗಳನ್ನು ಹಿಂದೆ ಹಾಕಿ ಎರಡನೇ ದರ್ಜೆಯ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯದಾಗಿ ಬಂತು. ಕಿಲ್ಮಾರ್ನಾಕ್ ಒಂದೇ ಮೇಲಿದ್ದದ್ದು. ಪ್ಲೇಆಫ್‌ನಲ್ಲಿ ಇನ್ವರ್ನೆಸ್ ವಿರುದ್ಧ ಪೆನಾಲ್ಟಿಯಲ್ಲಿ ಸೋತು ಮೊದಲ ದರ್ಜೆಯಾದ ಪ್ರೀಮಿಯರ್‌ಶಿಪ್‌ಗೆ ಏರುವ ಅವಕಾಶ ಕೈತಪ್ಪಿತು. ಆ ಮಾತು ತೆಗೆದರೆ ಇವತ್ತಿಗೂ ನಿಟ್ಟುಸಿರು. 2024ರಲ್ಲಿ ಮೂರನೇ ದರ್ಜೆಯ ಲೀಗ್ ಒನ್‌ಗೆ ಇಳಿದು, ಮರುವರ್ಷವೇ ಅದನ್ನು ಗೆದ್ದು ಮತ್ತೆ ಮೇಲೆ ಬಂದಿತು.

ಇನ್ನು ಹೊಟ್ಟೆಯ ವಿಚಾರ. ಸಸ್ಯಾಹಾರಿಗಳು ಎಚ್ಚರ: ಚಳಿಗೆ ಎಲ್ಲರೂ ಕುಡಿಯುವ ಕಂದು ಬಣ್ಣದ ಬಿಸಿ ಪಾನೀಯ ಬೊವ್ರಿಲ್ ದನದ ಮಾಂಸದ ಸತ್ವದಿಂದ ಮಾಡಿದ್ದು. ನೋಡಿ ಕಷಾಯವೇನೋ ಅಂದುಕೊಂಡೀರಿ. ಸ್ಕಾಚ್ ಪೈ ಒಳಗೂ ಮಾಂಸವೇ. ಚಹಾ, ಚಿಪ್ಸ್ ಕೇಳಿ, ಇಲ್ಲವೇ ಊಟ ಮುಗಿಸಿಕೊಂಡೇ ಹೋಗಿ. ಬಿಯರ್ ಬೇಕಾದವರು ಹೊರಗಿನ ಪಬ್ಬಿನಲ್ಲೇ ಮುಗಿಸಬೇಕು. ಸ್ಕಾಟ್ಲೆಂಡಿನ ಫುಟ್‌ಬಾಲ್ ಮೈದಾನಗಳಲ್ಲಿ ಸಾಮಾನ್ಯ ಪ್ರೇಕ್ಷಕರಿಗೆ 1980ರಿಂದ ಮದ್ಯವಿಲ್ಲ.

ಬೆಳಗ್ಗೆ ಬೇಗ ತಲುಪಿದರೆ ಸಮಯ ಕಳೆಯಲು ಆರ್ಬ್ರೋತ್ ಅಬ್ಬೆ ಇದೆ. 1178ರಲ್ಲಿ ಕಟ್ಟಲು ತೊಡಗಿದ ಕೆಂಪು ಕಲ್ಲಿನ ಕ್ರೈಸ್ತ ಮಠ, ಈಗ ಬರೀ ಪಾಳು ಗೋಡೆಗಳು. ಸ್ಕಾಟ್ಲೆಂಡ್ ಸ್ವತಂತ್ರವೆಂದು ಪೋಪ್‌ಗೆ ಬರೆದ 1320ರ ಪತ್ರಕ್ಕೆ ಈ ಊರಿನ ಹೆಸರೇ ಅಂಟಿಕೊಂಡಿದೆ. ಮೈದಾನದ ಬಳಿ ಸಿಗ್ನಲ್ ಟವರ್ ಮ್ಯೂಸಿಯಂ ಕೂಡ ಇದೆ, ಎರಡರಲ್ಲಿ ಒಂದಕ್ಕೇ ಹೊತ್ತಿದ್ದರೆ ನಾನು ಅದಕ್ಕೇ ಓಟು ಹಾಕುತ್ತೇನೆ. ದೂರದ ಕಡಲಬಂಡೆಯ ಮೇಲೆ 1811ರಿಂದ ಬೆಳಗುತ್ತಿರುವ ಬೆಲ್ ರಾಕ್ ದೀಪಸ್ತಂಭದ ಕಾವಲುಗಾರರಿಗೆ ದಡದಿಂದ ಸಂಕೇತ ಕೊಡುತ್ತಿದ್ದದ್ದು ಇಲ್ಲಿಂದಲೇ.

ಮೀನು ತಿನ್ನುವವರು ಬಂದರಿನ ಅಂಗಡಿಗಳಲ್ಲಿ ಸ್ಮೋಕಿ ಕೊಳ್ಳದೆ ಬರಬೇಡಿ. ಹ್ಯಾಡಕ್ ಮೀನನ್ನು ಉಪ್ಪಿನಲ್ಲಿಟ್ಟು, ಬಾಲಕ್ಕೆ ಬಾಲ ಕಟ್ಟಿ ಜೋಡಿಯಾಗಿ ತೂಗುಹಾಕಿ, ಕಟ್ಟಿಗೆಯ ಹೊಗೆಯಲ್ಲಿ ಬೇಯಿಸಿದ್ದು. ನಮ್ಮ ಕರಾವಳಿಯ ಒಣಮೀನಿನಷ್ಟು ಉಪ್ಪಲ್ಲ, ಮೆತ್ತಗೆ ಬಿಡಿಸಿಕೊಂಡು ಹಾಗೇ ತಿನ್ನಬಹುದು. ಪಂದ್ಯ ಮುಗಿಯುವ ಹೊತ್ತಿಗೆ ಅಂಗಡಿ ಮುಚ್ಚಿರಬಹುದು, ಹಾಗಾಗಿ ಮೊದಲೇ ಕೊಂಡು ಅಲ್ಲೇ ತಿಂದುಬಿಡಿ. ಕಾಗದದಲ್ಲಿ ಸುತ್ತಿಸಿಕೊಂಡು ಸಂಜೆಯ ರೈಲು ಹತ್ತಿದರೆ ಎಡಿನ್‌ಬರೋವರೆಗೂ ಇಡೀ ಬೋಗಿ ನಿಮ್ಮನ್ನೇ ನೋಡುತ್ತಿರುತ್ತದೆ.