ಅಮ್ಮನಿಗೆ ಯಾಕಿಲ್ಲ ಗೆರೆ?

ಇವತ್ತು ಹತ್ತನೇ ಕ್ಲಾಸಿನ ನೋಟ್‌ಬುಕ್ ತಿದ್ದುತ್ತಾ ಕೂತಿದ್ದೆ. ಅನುವಂಶೀಯತೆ ಪಾಠ. ಮನೆಯವರಲ್ಲಿ ಕಾಣುವ ಗುಣಗಳನ್ನು ಬರೆದು ತನ್ನಿ ಅಂದಿದ್ದೆ. ಎಲ್ಲರದೂ ಅದೇ ಕಿವಿ, ಅದೇ ಗುಂಗುರು ಕೂದಲು.

ಒಬ್ಬ ಮಾತ್ರ ಬರೆದಿದ್ದ: "ಹಲ್ಲಿನ ಮೇಲೆ ಕಂದು ಗೆರೆ. ಅಪ್ಪ, ಅತ್ತೆ, ಅಣ್ಣ, ನಾನು. ಅಮ್ಮನಿಗೆ ಇಲ್ಲ. ಆದ್ದರಿಂದ ಇದು ಪ್ರಬಲ ಗುಣ." ಪಕ್ಕದಲ್ಲಿ ಸ್ಕೇಲ್ ಇಟ್ಟು ಎಳೆದ ವಂಶವೃಕ್ಷ ಬೇರೆ!

ರೈಟ್ ಹಾಕೇಬಿಡ್ತಿದ್ದೆ. ಅಷ್ಟು ಚೆನ್ನಾಗಿತ್ತು.

ಆಮೇಲೆ ಹೊಳೆಯಿತು, ಇವನ ಊರು ಬಾಗೇಪಲ್ಲಿ ಕಡೆ. ಬೋರ್‌ವೆಲ್ ನೀರು. ಅದರಲ್ಲಿ ಫ್ಲೋರೈಡ್ ಅನ್ನೋ ಲವಣ ಜಾಸ್ತಿ, ಹಲ್ಲಿಗೆ ಕಂದು ಗೆರೆ ಬೀಳಿಸೋದು ಅದೇ. ಕರೆದು ಕೇಳಿದೆ, ಅಮ್ಮನ ತವರು ಯಾವುದೋ?

"ತೀರ್ಥಹಳ್ಳಿ, ಮಿಸ್."

ಅಲ್ಲಿಗೆ ಗೊತ್ತಾಯಿತು. ಅದು ಮಲೆನಾಡು, ಅಲ್ಲಿನ ನೀರಿಗೆ ಈ ಕಾಟ ಇಲ್ಲ. ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕಟ್ಟುವ ಜೀವಕೋಶಗಳು ಹಲ್ಲು ಇನ್ನೂ ಒಸಡಿನ ಒಳಗಿರುವಾಗಲೇ ಕೆಲಸ ಮುಗಿಸುತ್ತವೆ. ಹಲ್ಲು ಹೊರಗೆ ಬರುವ ಹೊತ್ತಿಗೆ ಅವು ಇರುವುದೇ ಇಲ್ಲ. ಹಾಗಾಗಿ ಎದುರಿಗೆ ಕಾಣುವ ಹಲ್ಲಿಗೆ ಗೆರೆ ಬೀಳೋದು ಸುಮಾರು 8 ವರ್ಷದೊಳಗೆ ಕುಡಿದ ನೀರಿನಿಂದ. ಅಮ್ಮ ಮದುವೆಯಾಗಿ ಬಂದು ಅದೇ ನೀರು ಕುಡಿದರೂ ಹಲ್ಲು ಬೆಳ್ಳಗೇ ಇದೆ. (ಫ್ಲೋರೈಡ್ ಮೂಳೆಗೆ ಏನು ಮಾಡುತ್ತೆ ಅನ್ನೋ ಕಥೆ ಬೇರೆ, ಅದು ಇನ್ನೊಂದು ದಿನ.)

ಇದನ್ನೆಲ್ಲ ಹೇಳಿದೆ. ಹುಡುಗ ತನ್ನ ವಂಶವೃಕ್ಷವನ್ನೇ ಸ್ವಲ್ಪ ಹೊತ್ತು ನೋಡಿದ. ಅಷ್ಟು ಕಷ್ಟಪಟ್ಟು ಬರೆದಿದ್ದು, ಬೇಜಾರಾಗಲ್ವಾ?

ಆಮೇಲೆ ಕೆಳಗೆ ಪೆನ್ಸಿಲ್‌ನಲ್ಲಿ ಇನ್ನೊಂದು ಗೆರೆ ಎಳೆದ. "ತಂಗಿ ಹುಟ್ಟಿದಾಗಿಂದ ಫಿಲ್ಟರ್ ನೀರೇ ಮಿಸ್. ಈಗ ಹಾಲುಹಲ್ಲು ಬೀಳ್ತಿದೆ. ಹೊಸದು ಬರಲಿ, ನೋಡಿ ಹೇಳ್ತೀನಿ."