ಮೇ ತಿಂಗಳಲ್ಲೇ ಅಲಾಸ್ಕಾ

ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಸಿಯಾಟಲ್‌ಗೆ ಬಂದು ಮೂರು ವಾರವಾಯಿತು. ಇಲ್ಲಿಂದಲೇ ಹೊರಡುವ ಅಲಾಸ್ಕಾ ಕ್ರೂಸ್‌ಗೆ ಮೇ ಮೂರನೇ ವಾರದ ಟಿಕೆಟ್ ಮಾಡಿಸಿದ್ದೇನೆ. "ಇಷ್ಟು ಬೇಗ ಯಾಕೆ, ಜುಲೈನಲ್ಲಿ ಹೋಗಿ, ಬೆಚ್ಚಗಿರುತ್ತೆ" ಅಂದವರೇ ಜಾಸ್ತಿ.

ಅದೂ ನಿಜವೇ. ಮೇನಲ್ಲಿ ಜೂನೋ ಊರಿನಲ್ಲಿ ಹಗಲು 13-14 ಡಿಗ್ರಿ, ರಾತ್ರಿ 5ರ ಆಸುಪಾಸು. ಹಿಮನದಿಯ ಎದುರು ಡೆಕ್ ಮೇಲೆ ನಿಂತರೆ ಗಾಳಿ ಕೊರೆಯುತ್ತದೆ. ಸಾಲ್ಮನ್ ಮೀನು ನದಿ ಹತ್ತುವುದು, ಅದಕ್ಕೆ ಕರಡಿ ಕಾಯುವುದು, ಅದೆಲ್ಲ ಬೇಸಿಗೆ ಬಲಿತ ಮೇಲೆ.

ಆದರೆ ಆ ಕಡೆ ಏಪ್ರಿಲ್, ಮೇನಲ್ಲಿ ಮಳೆ ಕಡಿಮೆ. ಸೆಪ್ಟೆಂಬರ್ ಬಂತೆಂದರೆ ಸುರಿಯುವುದೇ ಸುರಿಯುವುದು. ಹಡಗು ನಿಲ್ಲುವ ಕೆಚಿಕಾನ್ ಊರಿನ ವರ್ಷದ ಮಳೆ ಹೆಚ್ಚುಕಡಿಮೆ ನಮ್ಮ ಆಗುಂಬೆಯ ಅರ್ಧದಷ್ಟು! ಅಮ್ಮನಿಗೆ ಹೇಳಿದೆ. "ಮಳೆ ಬೇಕಾದಷ್ಟು ನೋಡಿದೀವಿ ಕಣೋ, ಹಿಮ ತೋರಿಸು" ಅಂದರು. ಬೆಟ್ಟಗಳ ಮೇಲೆ ಹಿಮ ಚೆನ್ನಾಗಿ ಉಳಿದಿರುವುದು ಮೇನಲ್ಲೇ ಅಲ್ವಾ. ಹವಾಯಿಯಲ್ಲಿ ಚಳಿಗಾಲ ಕಳೆದ ತಿಮಿಂಗಿಲಗಳೂ ಅಷ್ಟರಲ್ಲಿ ವಾಪಸ್ ಬಂದಿರುತ್ತವೆ. ಹಗಲು ಸುಮಾರು 17 ಗಂಟೆ.

ಅಪ್ಪನ ಮಂಡಿಗೆ ಚಳಿ ಆಗಿಬರುವುದಿಲ್ಲ, ಅದೊಂದೇ ನನ್ನ ಯೋಚನೆ. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ನೀರು ಇಳಿಯದ ಜಾಕೆಟ್ ತಂದಿಟ್ಟಿದ್ದೇನೆ. ಒಳ್ಳೆಯ ಹವೆ ನೋಡಿಕೊಂಡು ಹೋಗೋಣ ಎಂದು ಎರಡು ವರ್ಷ ಸುಮ್ನೆ ಮುಂದೂಡಿದೆವು. ಅಪ್ಪನಿಗೆ ಈಗ 74.

ಮಫ್ಲರ್ ಮಾತ್ರ ಊರಿನದೇ ಬೇಕಂತೆ. ಅಮ್ಮ ಆಗಲೇ ಬ್ಯಾಗಿಗೆ ಹಾಕಿದ್ದಾರೆ.