‘ಸ್ಪೈನಲ್ ಕೊಡಬಹುದು’ ಎಂದು ಬರೆದ ಚೀಟಿ

ಕೇಸ್‌ಶೀಟಿನಲ್ಲಿ ಫಿಸಿಷಿಯನ್ನರ ಬರಹ ಇಷ್ಟೇ: ‘ಶಸ್ತ್ರಚಿಕಿತ್ಸೆಗೆ ಫಿಟ್. ಜನರಲ್ ಬೇಡ, ಸ್ಪೈನಲ್ ಕೊಡಬಹುದು.’ ಜನರಲ್ ಎಂದರೆ ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ, ಸ್ಪೈನಲ್ ಎಂದರೆ ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವುದು. ಎಪ್ಪತ್ತು ದಾಟಿದ ಅಜ್ಜಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಬಳಿ ಮೂಳೆ ಮುರಿದಿದೆ ಎಂದು ದಾಖಲಾಗಿತ್ತು. ಮರುದಿನ ಬೆಳಿಗ್ಗೆ ಮೊದಲ ಕೇಸ್ ಅವರದೇ.

ಇಂಥ ಚೀಟಿ ಕಂಡರೆ ನನಗೆ ಮೈ ಉರಿಯುತ್ತದೆ. ಯಾವ ಅರಿವಳಿಕೆ ಎಂಬುದನ್ನು ತೀರ್ಮಾನಿಸಬೇಕಾದವಳು ಅದನ್ನು ಕೊಡುವ ನಾನು. ಫಿಸಿಷಿಯನ್ನರಿಂದ ನನಗೆ ಬೇಕಿರುವುದು ಅನುಮತಿಯಲ್ಲ, ಮಾಹಿತಿ. ಸ್ಪೈನಲ್ ಎಂದರೆ ಸುರಕ್ಷಿತ, ಜನರಲ್ ಎಂದರೆ ಗಂಡಾಂತರ ಎಂಬ ನಂಬಿಕೆ ಎಷ್ಟೋ ವೈದ್ಯರಿಗೂ ಇದೆ.

ಸಂಜೆ ವಾರ್ಡಿಗೆ ಹೋಗಿ ಸ್ಟೆತಾಸ್ಕೋಪ್ ಇಟ್ಟೆ. ಗರಗಸ ಎಳೆದಂಥ ಒರಟು ಸದ್ದು, ಕತ್ತಿನವರೆಗೂ ಕೇಳುತ್ತಿತ್ತು.

“ಹೇಗೆ ಜಾರಿದಿರಿ ಅಜ್ಜಿ?”

“ಜಾರಲಿಲ್ಲ ಕಣಮ್ಮ, ಕಣ್ಣಿಗೆ ಕತ್ತಲೆ ಬಂತು.”

ಹೃದಯದಿಂದ ಮಹಾಪಧಮನಿಗೆ ತೆರೆಯುವ ಕವಾಟ ಕಿರಿದಾಗಿರಬೇಕು. ಸ್ಪೈನಲ್ ಕೊಟ್ಟರೆ ಕಾಲಿನ ರಕ್ತನಾಳಗಳು ಸಡಿಲಗೊಂಡು ಬಿಪಿ ಕುಸಿಯುತ್ತದೆ. ಆರೋಗ್ಯವಂತ ಹೃದಯ ಹೆಚ್ಚು ರಕ್ತ ದೂಡಿ ಸರಿದೂಗಿಸುತ್ತದೆ. ಕವಾಟ ಕಿರಿದಾದರೆ ಅದಾಗದು, ಹೃದಯದ ಸ್ನಾಯುವಿಗೇ ರಕ್ತ ಸಾಲದೆ ಹೋಗಬಹುದು.

ಎಕೋ, ಅಂದರೆ ಹೃದಯದ ಸ್ಕ್ಯಾನ್, ನೋಡದೆ ಕೇಸ್ ತೆಗೆದುಕೊಳ್ಳುವುದಿಲ್ಲ ಎಂದೆ. “ಫಿಟ್ನೆಸ್ ಬಂದಿದೆಯಲ್ಲ ಮೇಡಂ, ತಡವಾದರೆ ಅಜ್ಜಿ ಹಾಸಿಗೆ ಹಿಡಿಯುತ್ತಾರೆ,” ಎಂದರು ಸರ್ಜನ್. ಅದೂ ಸುಳ್ಳಲ್ಲ. ಇಂಥ ಮುರಿತಕ್ಕೆ 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದರೆ ಒಳ್ಳೆಯದು. ‘ಮುಂದೂಡಿ’ ಎಂದು ಬರೆದು ಕೈ ತೊಳೆದುಕೊಂಡರೆ ನಾನೂ ಆ ಚೀಟಿ ಬರೆದವರ ಸಾಲಿಗೇ ಸೇರುತ್ತೇನೆ. ರಾತ್ರಿಯೇ ಎಕೋ ಮಾಡಿಸಿದೆವು. ಕವಾಟದ ತೆರಪು 0.8 ಚದರ ಸೆಂಟಿಮೀಟರ್. 1ಕ್ಕಿಂತ ಕಡಿಮೆಯಿದ್ದರೆ ತೀವ್ರ ಎಂದು ಲೆಕ್ಕ.

ಅಪಾಯವನ್ನು ವಿವರಿಸಿದಾಗ ಮಗ ಸಿಡುಕಿದರು: “ಆಪರೇಷನ್ ಮಾಡುವವರೇ ಏನೂ ಹೇಳಲಿಲ್ಲ, ನೀವು ಹೆದರಿಸುತ್ತೀರಲ್ಲ!” ಅಜ್ಜಿಯೇ ಮಧ್ಯೆ ಬಾಯಿ ಹಾಕಿ, “ಅವರು ಹೇಳಲಿ ಬಿಡೋ,” ಎಂದರು.

ಬೆಳಿಗ್ಗೆ ಮಣಿಕಟ್ಟಿನ ಧಮನಿಗೆ ನಳಿಕೆ ಹಾಕಿ, ಪ್ರತಿ ಬಡಿತದ ಒತ್ತಡ ಪರದೆಯ ಮೇಲೆ ಕಾಣತೊಡಗಿದ ಮೇಲೆ ನಿಧಾನವಾಗಿ ಜನರಲ್ ಕೊಟ್ಟೆ. ಮೂಳೆಗೆ ಸಿಮೆಂಟ್ ತುಂಬುವಾಗ ಬಿಪಿ ಇಳಿಯಿತು. “ನಿಲ್ಲಿಸಿ,” ಎಂದೆ. ಸರ್ಜನ್ ಕೈ ಹಿಂದೆ ತೆಗೆದರು, ಯಾಕೆಂದು ಕೇಳಲಿಲ್ಲ. ಫಿನೈಲೆಫ್ರಿನ್ ಕೊಟ್ಟು ಒತ್ತಡ ಏರಿದ ಮೇಲೆಯೇ ಮುಂದುವರಿಸಲು ಹೇಳಿದೆ.

ಐಸಿಯುವಿನಿಂದ ಹೊರಬಂದ ಅಜ್ಜಿಯನ್ನು ಕವಾಟದ ಚಿಕಿತ್ಸೆಗಾಗಿ ಹೃದ್ರೋಗ ತಜ್ಞರ ಬಳಿ ಕಳುಹಿಸಿದೆವು. ಪತ್ರವನ್ನು ನಾನೇ ಬರೆದೆ. ಯಾವ ಚಿಕಿತ್ಸೆ ಕೊಡಬೇಕೆಂದು ಮಾತ್ರ ಅದರಲ್ಲಿ ಬರೆಯಲಿಲ್ಲ.